ಆಪ್ತವಾಕ್ಯ ಮತ್ತು ತರಗು ಬೆಂಕಿ

ಬೇರೊಬ್ಬರ ಮಾತು ನಮಗೆ ಜ್ಞಾನವಾಗುವುದು ಯಾವಾಗ? ನ್ಯಾಯದರ್ಶನ ಆಪ್ತನ ಮಾತನ್ನು ಪ್ರತ್ಯಕ್ಷ, ಅನುಮಾನಗಳ ಸಾಲಿನಲ್ಲೇ ಪ್ರಮಾಣವಾಗಿ, ಅಂದರೆ ಅರಿವಿನ ಸಾಧನವಾಗಿ, ಕೂರಿಸಿತು. ವಿಷಯವನ್ನು ನೇರವಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಭಾಷ್ಯಕಾರ ವಾತ್ಸ್ಯಾಯನ ಹೇಳಿದ್ದಾನೆ. ಆದಿವಾಸಿಗಳ ತಿಳಿವಳಿಕೆಯನ್ನು ಅಧ್ಯಯನ ಮಾಡುವವರು ಹಲವು ಸಲ ಮರೆಯುವುದು ಈ ಲಕ್ಷಣದ ಎರಡನೆಯ ಭಾಗವನ್ನು, ಹೇಳುವವನ ಇಚ್ಛೆಯನ್ನು. ಒಪ್ಪಿಗೆಯೆಂದರೆ ಸಹಿ ಹಾಕಿಸಿಕೊಳ್ಳುವ ಕಾಗದ, ಸಂಶೋಧನೆಗೆ ಹೊರಗಿನಿಂದ ಅಂಟಿಸಿದ ಶಿಷ್ಟಾಚಾರ ಎಂದು ಅವರು ತಿಳಿಯುತ್ತಾರೆ. ನ್ಯಾಯದ ಲೆಕ್ಕದಲ್ಲಿ ಹೇಳುವವನ ಆ ಇಚ್ಛೆಯಿಲ್ಲದೆ ಪ್ರಮಾಣವೇ ಇಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೇ ನೋಡಿ. ಬೇಸಿಗೆ ಬಲಿಯುವ ಮುನ್ನ ಒಣ ಎಲೆಗಳಿಗೆ ಹಚ್ಚುತ್ತಿದ್ದ ತರಗು ಬೆಂಕಿ ಅವರ ಕಾಡಿನ ರೂಢಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಆಮೇಲೆ ಲಂಟಾನ ಎಂಬ ಕಳೆಪೊದೆ ಕಾಡನ್ನು ಮುಚ್ಚಿತು. 1997 ಮತ್ತು 2008ರ ಸಮೀಕ್ಷೆಗಳ ನಡುವೆ ಅದರ ಹರವು ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಬೆಂಕಿ ನಿಂತದ್ದಕ್ಕೇ ಲಂಟಾನ ಹಬ್ಬಿತು, ನೆಲ್ಲಿ ಮರಗಳಲ್ಲಿ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಿತು ಎಂಬುದು ಸೋಲಿಗರ ವಿವರಣೆ. ಪರಿಸರ ವಿಜ್ಞಾನಿಗಳು ಇದನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು ಬಹಳ ತಡವಾಗಿ. ಬೆಂಕಿ ಹಚ್ಚುವುದೇ ಅಪರಾಧವಾದ ಕಡೆ ಅರಣ್ಯ ಇಲಾಖೆಯವರಂತೆ ಕಾಣುವ ಅಪರಿಚಿತನೊಬ್ಬ ಪ್ರಶ್ನಾವಳಿ ಹಿಡಿದು ಬಂದು ‘ನೀವು ಬೆಂಕಿ ಹಚ್ಚುತ್ತಿದ್ದಿರಾ?’ ಎಂದರೆ ಯಾರು ನಿಜ ಹೇಳಿಯಾರು? ಬಂದ ಮೌನ ‘ತಿಳಿವಳಿಕೆ ಇಲ್ಲ’ ಎಂದು ದಾಖಲಾಗುತ್ತದೆ. ಕೇಳಿದ ಬಗೆ ಕೆಟ್ಟರೆ ಸಿಗುವ ಮಾಹಿತಿಯೂ ಸುಳ್ಳೇ.

ಹಾಗಾದರೆ ಸೋಲಿಗರು ಹೇಳಿದ್ದೆಲ್ಲ ಪರೀಕ್ಷೆಯಿಲ್ಲದೆ ಸತ್ಯವೇ ಎಂದು ಕೇಳಬಹುದು. ಅಲ್ಲ. ವೇದವಾಕ್ಯದ ಮೇಲೂ ಸುಳ್ಳು, ವಿರೋಧ, ಪುನರುಕ್ತಿಯ ಆಕ್ಷೇಪಗಳನ್ನು ಎತ್ತಿ ಉತ್ತರಿಸಿದ ದರ್ಶನ ನ್ಯಾಯ. ಲಂಟಾನ ಆಳೆತ್ತರ ಬೆಳೆದ ಕಾಡಿನಲ್ಲಿ ಈಗ ಹಚ್ಚಿದ ಬೆಂಕಿ ತರಗಿನಲ್ಲೇ ನಿಲ್ಲದೆ ಮರದ ತಲೆಗೇರೀತು. ಹಳೆಯ ರೂಢಿ ಹಾಗೇ ಮರಳಬೇಕೆಂದು ವಾದಿಸಲಾಗದು. ಇದಕ್ಕಿಂತ ಕಷ್ಟದ ಪ್ರಶ್ನೆ ಅಲ್ಲಿನ ದೊಡ್ಡಸಂಪಿಗೆ ಎಂಬ ಹಳೆಯ ಮರದ್ದು. ಬೆಂಕಿಯ ವಿಷಯದಲ್ಲಿ ಸೋಲಿಗರನ್ನು ನಂಬುವ ಸಂಶೋಧಕ, ಅದೇ ಜನ ಆ ಮುದಿ ಮರವನ್ನು ದೇವರೆಂದಾಗ ಅದನ್ನು ‘ನಂಬಿಕೆ’ಯ ಕಡತಕ್ಕೆ ತಳ್ಳುತ್ತಾನೆ. ನ್ಯಾಯ ಹಾಗೆ ಕತ್ತರಿಸಲಿಲ್ಲ: ಕಣ್ಣಿಗೆ ಕಾಣುವ ಆಯುರ್ವೇದದಲ್ಲಿ ಆಪ್ತರ ಮಾತು ಫಲಿಸುವುದರಿಂದ ಕಾಣದ ವಿಷಯದಲ್ಲೂ ಅದು ಪ್ರಮಾಣ ಎಂದಿತು. ಈ ಜಿಗಿತ ನನಗೆ ಒಪ್ಪಿಗೆಯಿಲ್ಲ, ಉಪ್ಪಿಲನ್ನು ಅರಿತದ್ದು ದೇವರನ್ನು ಅರಿತದ್ದಕ್ಕೆ ಸಾಕ್ಷಿಯಾಗದು. ಆದರೆ ವೇದಕ್ಕೆ ಆ ಜಿಗಿತವನ್ನು ಒಪ್ಪಿ ಸಂಪಿಗೆಗೆ ನಿರಾಕರಿಸುವವರು, ಋಷಿ–ಮ್ಲೇಚ್ಛರಿಗೆ ಲಕ್ಷಣ ಒಂದೇ ಎಂದ ವಾತ್ಸ್ಯಾಯನನಿಗೆ ಉತ್ತರ ಹೇಳಬೇಕು.