ಕಾಣದ ಮೋಟಾರು

ನವಲಗುಂದದ ಕಡೆ ಮೌಂಟನ್ ಬೈಕ್ ಇಟ್ಟುಕೊಂಡವನನ್ನು ನೋಡಿ ಜನ ನಕ್ಕರೆ ತಪ್ಪೇನಿಲ್ಲ. ಊರ ಮಗ್ಗುಲಿನ ಗುಡ್ಡ ಬಿಟ್ಟರೆ ಕಣ್ಣು ಹಾಯುವಷ್ಟು ದೂರವೂ ಎರೆಹೊಲ. ಏರು ಬೇಕೆಂದರೆ ಕಲಘಟಗಿಯ ಕಡೆ, ಮಲೆನಾಡಿನ ಸೆರಗಿಗೆ ಹೋಗಬೇಕು. ಆದರೆ ಹೊಲದ ಬಂಡಿದಾರಿಗೆ ದಪ್ಪ ಟೈರೇ ಬೇಕು. ಅದೂ ಅಲ್ಲದೆ ನಮ್ಮಲ್ಲಿ ಗುಡ್ಡದ ಕೆಲಸವನ್ನು ಗಾಳಿ ಮಾಡುತ್ತದೆ. ಆಷಾಢದಲ್ಲಿ ಪಡುವಣಕ್ಕೆ ಮುಖ ಮಾಡಿ ಸೈಕಲ್ ತುಳಿದವರಿಗೆ ಗೊತ್ತು, ಅದು ತುದಿಯೇ ಇಲ್ಲದ ಏರು.

ನನ್ನದು ಎಲೆಕ್ಟ್ರಿಕ್ ಮೌಂಟನ್ ಬೈಕ್. ಅಣ್ಣನ ಮಗ ಬೆಂಗಳೂರಿನಲ್ಲಿ ಎರಡು ವರ್ಷ ಓಡಿಸಿ ನನಗೆ ದಾಟಿಸಿದ್ದು. ಈ ಜಾತಿಯ ಗಾಡಿಗಳು ಸಾಮಾನ್ಯವಾಗಿ 22-25 ಕೆಜಿ ತೂಗುತ್ತವೆ, ಇದು 17. ಬ್ಯಾಟರಿ ಸಣ್ಣದು, ಫ್ರೇಮಿನ ಕೊಳವೆಯೊಳಗೇ ಹುದುಗಿದೆ. ಮೋಟಾರು ಹಿಂದಿನ ಗಾಲಿಯ ಹಬ್‌ನಲ್ಲಿದೆ. 250 ವ್ಯಾಟ್ ಶಕ್ತಿ, ಗಂಟೆಗೆ 25 ಕಿ.ಮೀ. ವೇಗ, ಆ ಮಿತಿಯೊಳಗಿರುವ ಇಂಥ ಹಗುರ ಗಾಡಿಯನ್ನು ನಮ್ಮ ಕಾನೂನು ಮೋಟಾರು ವಾಹನವೆಂದು ಎಣಿಸುವುದೇ ಇಲ್ಲ. ನಂಬರ್ ಪ್ಲೇಟಿಲ್ಲ, ಲೈಸೆನ್ಸಿಲ್ಲ. ನೋಡಿದವರಿಗೆ ಬರೀ ಸೈಕಲ್. ಮೋಟಾರು ಕಾಣಬಾರದು ಎಂಬುದೇ ಮಾಡಿದವರ ಹೆಮ್ಮೆ.

ಅದನ್ನು ಸಾಕುವುದು ಎಮ್ಮೆ ಸಾಕಿದಂತೆ. ಮಳೆ ಬಿದ್ದ ಮರುದಿನ ಹೊಲಕ್ಕೆ ಇಳಿದರೆ ಎರೆಮಣ್ಣು ಟೈರಿಗೆ ಮೆತ್ತಿಕೊಂಡು, ಫ್ರೇಮಿನ ಸಂದಿಯಲ್ಲಿ ಕೂತು ಗಾಲಿಯನ್ನೇ ತಿರುಗಗೊಡುವುದಿಲ್ಲ. ಕಟ್ಟಿಗೆಯ ಚಕ್ಕೆಯಿಂದ ಕೆರೆದು ತೆಗೆಯಬೇಕು. ಟ್ರ್ಯಾಕ್ಟರ್ ತೊಳೆಯುವ ಪಂಪಿನ ಹತ್ತಿರ ಒಯ್ಯುವಂತಿಲ್ಲ, ಆ ನೀರಿನ ರಭಸಕ್ಕೆ ಬೇರಿಂಗಿನ ಗ್ರೀಸು ಉಳಿಯುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳಿಗೆ ಟೈರಿನೊಳಗೆ ಅಂಟುದ್ರವ ಹಾಕಿಸಿದ್ದೇನೆ. ಬೇಸಿಗೆಯಲ್ಲಿ ಪೂರ್ತಿ ಚಾರ್ಜ್ ಮಾಡಿ ತಗಡಿನ ಕೆಳಗೆ ಬಿಟ್ಟರೆ ಲಿಥಿಯಂ ಬ್ಯಾಟರಿಗೆ ಬೇಗ ಮುಪ್ಪು ಬರುತ್ತದೆ. ರಜೆಯಲ್ಲಿ ಊರಿಗೆ ಹೋಗುವಾಗ ಅರ್ಧ ಚಾರ್ಜಿಗೆ ಇಳಿಸಿ ನೆರಳಿನಲ್ಲಿಟ್ಟು ಹೋಗುತ್ತೇನೆ. ಹಿಂದಿನ ಗಾಲಿ ಬಿಚ್ಚುವ ಮೊದಲು ವೈರಿನ ಕೊಂಡಿ ಕಳಚಬೇಕು, ಮರೆತರೆ ಹರಿಯುತ್ತದೆ. ನಮ್ಮೂರ ಪಂಕ್ಚರ್ ಅಂಗಡಿಯವನು ಮೊದಲ ಸಲ ಆ ವೈರು ಕಂಡು "ಸರ್, ಇದು ಸೈಕಲ್ಲೋ ಫ್ಯಾನೋ?" ಎಂದಿದ್ದ. ಗಾಲಿ ಬಿಚ್ಚಿದವರಿಗಷ್ಟೇ ಮೋಟಾರು ಕಾಣುತ್ತದೆ. ಅವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ನನಗೂ ಎಷ್ಟು ಗೊತ್ತಿತ್ತು ಎಂಬುದು ಬೇರೆ ಮಾತು.

ಯಾಕೆಂದರೆ ಇದು ಸ್ಕೂಟರಿನಂತೆ ತಾನೇ ಓಡುವುದಿಲ್ಲ. ಪೆಡಲ್ ಮೇಲೆ ಕಾಲು ಎಷ್ಟು ಭಾರ ಹಾಕುತ್ತದೆಂದು ಒಂದು ಸೆನ್ಸರ್ ಅಳೆಯುತ್ತದೆ, ಅದಕ್ಕೆ ತಕ್ಕಂತೆ ಮೋಟಾರು ಕೂಡಿಸುತ್ತದೆ. ನಾನು ಮೆಲ್ಲಗೆ ತುಳಿದರೆ ಅದೂ ಮೆಲ್ಲಗೆ, ಜೋರು ಮಾಡಿದರೆ ಅದೂ ಜೋರು. ಸಾಧಾರಣ ಆರೋಗ್ಯದ ಮನುಷ್ಯ ಒಂದು ತಾಸು ಸತತವಾಗಿ ತುಳಿದು ಹೊರಡಿಸಬಲ್ಲ ಶಕ್ತಿ ಸುಮಾರು 100 ವ್ಯಾಟ್. ಅದಕ್ಕೆ ಇನ್ನೊಂದು ನೂರೋ ನೂರೈವತ್ತೋ ಸದ್ದಿಲ್ಲದೆ ಬಂದು ಸೇರಿದಾಗ ಎಲ್ಲವೂ ನನ್ನ ಕಾಲಿನದೇ ಅನಿಸುತ್ತದೆ. ಸ್ಕೂಟರ್ ಮೇಲೆ ಕೂತವನು ತಾನು ಗಟ್ಟಿಗನೆಂದು ತಿಳಿಯುವುದಿಲ್ಲ. ಇದರ ಮೇಲೆ ಕೂತವನು ವಾರದೊಳಗೆ ತಿಳಿಯುತ್ತಾನೆ.

ಹೋದ ಆಷಾಢದಲ್ಲಿ ಒಂದು ಬೆಳಗ್ಗೆ ಶಾಲೆಗೆ ಹೊರಟಿದ್ದೆ. ಎರಡೂ ಬದಿ ಹೆಸರಿನ ಹೊಲ, ಎದುರು ಗಾಳಿ. ಮುಂದೆ ನನ್ನ ಒಂಬತ್ತನೇ ತರಗತಿಯ ಹುಡುಗನೊಬ್ಬ, ಅಕ್ಕನಿಗೆ ಸರಕಾರದಿಂದ ಬಂದಿದ್ದ ಹಳೆಯ ಸೈಕಲ್ ಮೇಲೆ ಎದ್ದು ನಿಂತು ತುಳಿಯುತ್ತಿದ್ದ. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ಲುಗಳು ನಮ್ಮ ಕಡೆ ಇನ್ನೂ ಮನೆಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತಿವೆ. ನಾನು ಅವನ ಪಕ್ಕಕ್ಕೆ ಬಂದು, ಉಸಿರೂ ಏರದೆ ಹೇಳಿದೆ:

"ಏನೋ, ಇಷ್ಟಕ್ಕ ಸುಸ್ತಾದ್ಯಾ? ನನಗ ಐವತ್ನಾಕು. ಜೋರ ತುಳಿ."

ಅವನು ತಲೆ ತಗ್ಗಿಸಿ ಇನ್ನಷ್ಟು ತುಳಿದ. ನಾನು ಮುಂದೆ ಹೋದೆ.

ಎರಡು ವಾರದ ಮೇಲೆ ಅವನ ತಾಯಿ ಶಾಲೆಗೆ ಬಂದರು. ಹುಡುಗ ಸೈಕಲ್ ಬಿಟ್ಟು ಬಸ್ಸಿಗೆ ಬರುತ್ತಿದ್ದ, ಮೊದಲ ಪಿರಿಯಡ್ ತಪ್ಪುತ್ತಿತ್ತು. "ಸರ್, ಇವಗ ಏನರ ಟಾನಿಕ್ ಕೊಡಸಬೇಕೇನ್ರಿ? ಸರ್‌ಗಿಂತಾ ನನಗ ಕಸುವು ಕಡಿಮಿ ಐತಿ ಅಂತಾನ್ರಿ."

ನಾನು ಸುಳ್ಳು ಹೇಳಿರಲಿಲ್ಲ. ವಯಸ್ಸು ಐವತ್ತನಾಲ್ಕೇ. ಮೋಟಾರಿದೆ ಎಂದು ದಾರಿಯಲ್ಲಿ ಕಂಡವರಿಗೆಲ್ಲ ಸಾರುತ್ತ ಹೋಗಬೇಕೇ? ಕನ್ನಡಕ ಹಾಕಿದವನು ಓದುವ ಮುಂಚೆ ಘೋಷಣೆ ಮಾಡುತ್ತಾನೆಯೇ? ಹೀಗೆಲ್ಲ ನನ್ನ ಪರವಾಗಿ ನಾನೇ ವಕಾಲತ್ತು ಮಾಡಿದೆ. 2016ರ ಜನವರಿಯಲ್ಲಿ ಬೆಲ್ಜಿಯಂನ ಝೋಲ್ಡರ್‌ನಲ್ಲಿ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಫೆಮ್ಕೆ ವಾನ್ ಡೆನ್ ಡ್ರೀಶ್ ಎಂಬ ಯುವತಿಯ ಸೈಕಲ್ಲಿನಲ್ಲಿ ಅಡಗಿಸಿಟ್ಟ ಮೋಟಾರು ಸಿಕ್ಕಿತು. ಆರು ವರ್ಷ ನಿಷೇಧವಾಯಿತು. ಅದು ಪಂದ್ಯ, ನನ್ನದು ಶಾಲೆಯ ದಾರಿ, ಹೋಲಿಕೆಯೇ ಅಲ್ಲ ಎಂದುಕೊಂಡೆ. ಆದರೆ "ನನಗ ಐವತ್ನಾಕು" ಎಂದ ಕ್ಷಣ ದಾರಿಯನ್ನು ಪಂದ್ಯ ಮಾಡಿದವನು ನಾನೇ. ಕನ್ನಡಕದವನು ಬರಿಗಣ್ಣಿನವನಿಗೆ "ನಿನಗ್ಯಾಕೋ ಕಾಣೂದಿಲ್ಲ?" ಎಂದು ಕೇಳಿದಂತಾಯಿತು. ಸಹಾಯ ತೆಗೆದುಕೊಂಡದ್ದರಲ್ಲಿ ನನಗೆ ನಾಚಿಕೆಯಿಲ್ಲ, ಮೊಣಕಾಲು ನೋವಿನವನಿಗೆ ಆ ಹಕ್ಕಿದೆ. ಸಹಾಯವನ್ನು ಒಳಗಿಟ್ಟುಕೊಂಡೇ ಇನ್ನೊಬ್ಬನಿಗೆ ಅಳತೆಗೋಲಾಗಿ ನಿಂತೆನಲ್ಲ, ಅಲ್ಲಿ ಕೆಟ್ಟಿತು.

ಈ ಚಟ ಸೈಕಲ್ಲಿನಿಂದ ಬಂದದ್ದೂ ಅಲ್ಲ. ಇಪ್ಪತ್ತೈದು ವರ್ಷದಿಂದ ಪ್ರತಿ ಜೂನಿನಲ್ಲೂ ಹೊಸ ಮಕ್ಕಳಿಗೆ ಒಂದು ಕಥೆ ಹೇಳುತ್ತ ಬಂದಿದ್ದೇನೆ: ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಓದಿ, ಧಾರವಾಡಕ್ಕೆ ಹೋಗಿ ಡಿಗ್ರಿ ಮಾಡಿ, ಮಾಸ್ತರನಾದೆ; ನೀವೂ ಮನಸ್ಸು ಮಾಡಿದರೆ ಆಗುತ್ತೀರಿ. ಬುಡ್ಡಿಯ ಮಾತು ಖರೆ. ಆದರೆ ನಮ್ಮ ಎರಡು ಹೊಲಕ್ಕೆ ಮಲಪ್ರಭಾ ಕಾಲುವೆಯ ನೀರು ಬಂದಿತ್ತು, ಕಾಲುವೆಯ ಮೇಲುಗಡೆಯ ಪಕ್ಕದ ಮನೆಯವರ ಹೊಲಕ್ಕೆ ಬಂದಿರಲಿಲ್ಲ. ಅವರ ಮಗ ನನಗಿಂತ ಚುರುಕಿದ್ದ, ಏಳನೆಯದಕ್ಕೆ ಬಿಟ್ಟ. ಅಣ್ಣ ಎಸ್ಸೆಸ್ಸೆಲ್ಸಿ ಪಾಸಾಗಿಯೂ ಗಳೆ ಹಿಡಿದ. ಹತ್ತಿ ಮಾರಿ ಬಂದ ರೊಕ್ಕದಲ್ಲಿ ಮೊದಲು ನನ್ನ ಹಾಸ್ಟೆಲಿನದು ತೆಗೆದಿಟ್ಟು ಉಳಿದದ್ದನ್ನು ಮನೆಗೆ ಕೊಡುತ್ತಿದ್ದ. ನನ್ನ ಕಥೆಯಲ್ಲಿ ಕಾಲುವೆ ಇರಲಿಲ್ಲ, ಅಣ್ಣನೂ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ನಾನು ತುಳಿದದ್ದೂ ನಿಜವಾದ್ದರಿಂದ ಎಲ್ಲವೂ ನನ್ನದೇ ಅನಿಸಿತ್ತು. ಅಣ್ಣನಿಗೆ ಈಗಲೂ ಇದನ್ನು ಹೇಳಿಲ್ಲ. ಹೇಳಿದರೆ "ಸುಮ್ಮನಿರೋ" ಎಂದು ಎದ್ದು ಹೋಗುತ್ತಾನೆ.

ಹುಡುಗನಿಗೆ ಮಾತ್ರ ಹೇಳಿದೆ. ಶಾಲೆ ಬಿಟ್ಟ ಮೇಲೆ ಬೈಕ್ ತಿರುವಿ ನಿಲ್ಲಿಸಿ ಹಬ್ ತೋರಿಸಿದೆ, ವೈರು ತೋರಿಸಿದೆ. "ಆವತ್ತ ನಾ ಅಂದದ್ದು ತಪ್ಪಾತು" ಎಂದೆ. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ರೌಂಡ್ ಹೋಗಿ ಬಾ ಎಂದು ಕೊಟ್ಟೆ. ಗಾಳಿಗೆ ಎದುರಾಗಿ ಹೋದವನು ತಿರುಗಿ ಬಂದು ಕೇಳಿದ: "ಸರ್, ಗಾಳಿ ಎಲ್ಲಿ ಹೋತ್ರಿ?"

ಮೋಟಾರು ಬಂದ್ ಮಾಡಿ ಇನ್ನೊಮ್ಮೆ ಕಳಿಸಿದೆ. ಈ ಸಲ ಬರಲು ಹೊತ್ತಾಯಿತು. ಬೆವರಿದ್ದ. ಬೈಕನ್ನು ಗೋಡೆಗೆ ಆನಿಸಿ, ಮೊದಲ ಬಾರಿಗೆ ನನ್ನ ಮುಖ ನೋಡಿ ಅಂದ: "ಇದಕ್ಕಿಂತಾ ನಮ್ಮಕ್ಕನ ಸೈಕಲ್ಲೇ ಛಲೋ ಓಡತೈತ್ರಿ."

ಅದಕ್ಕೆ ಕಾರಣ ಟೈರು. ಗಂಟುಗಂಟಾದ ದಪ್ಪ ಟೈರು ಡಾಂಬರಿನ ಮೇಲೆ ಹಿಡಿದೆಳೆಯುತ್ತದೆ, ಸಪೂರ ಟೈರು ಸಲೀಸಾಗಿ ಉರುಳುತ್ತದೆ. ಅದನ್ನೂ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಅವನು ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದ.