ಮಗನ ಫೋನ್ ನೋಡಬಹುದಾ, ಪಾಸ್ಟರ್?

ಸತ್ಯವೇದ ತೆಗೆಯಿರಿ. ಲೂಕ 2ನೇ ಅಧ್ಯಾಯ, 41ನೇ ವಚನದಿಂದ. 1 ಸಮುವೇಲ 2 ಮತ್ತು 3ನೇ ಅಧ್ಯಾಯದಲ್ಲೂ ಒಂದು ಬೆರಳಿಟ್ಟುಕೊಳ್ಳಿ. ಫೋನಲ್ಲಿ ವಾಕ್ಯ ಓದೋರು ನೋಟಿಫಿಕೇಶನ್ ಮಾತ್ರ ಆಫ್ ಮಾಡಿ. ದೇವರಿಗೆ ಸ್ತೋತ್ರ!

ಮನೆ ಪ್ರಾರ್ಥನೆಗೆ ಹೋದಲ್ಲೆಲ್ಲಾ ತಂದೆತಾಯಿಗಳು ಕೇಳ್ತಾರೆ, ಮಗನ ಫೋನ್ ನೋಡಬಹುದಾ ಪಾಸ್ಟರ್ ಅಂತ. ಮಕ್ಕಳೂ ಕೇಳ್ತಾರೆ, ಅವರು ನಮ್ಮ ಫೋನ್ ನೋಡೋದು ಸರಿನಾ ಅಂತ. ಇಬ್ಬರಿಗೂ ಇವತ್ತು ಒಂದೇ ಉತ್ತರ. ನೋಡಬೇಕು. ಆದರೆ ಕದ್ದು ನೋಡಬಾರದು.

ಮೊದಲು ಏಲಿಯನ್ನ ನೋಡೋಣ. ಅವನ ಮಕ್ಕಳು ಹೊಫ್ನಿ, ಫೀನೆಹಾಸ ಇಬ್ಬರೂ ಶೀಲೋವಿನಲ್ಲಿ ಯಾಜಕರು. ಜನ ಯಜ್ಞಕ್ಕೆ ತಂದ ಮಾಂಸವನ್ನು ಬಲವಂತವಾಗಿ ತೆಗೆದುಕೊಳ್ತಿದ್ದರು, ಗುಡಾರದ ಬಾಗಿಲಲ್ಲಿ ಸೇವೆ ಮಾಡುವ ಸ್ತ್ರೀಯರ ಜೊತೆ ಪಾಪ ಮಾಡ್ತಿದ್ದರು. ಏಲಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಜನರೆಲ್ಲಾ ಬಂದು ಹೇಳ್ತಿದ್ದರು. ನಮ್ಮ ಭಾಷೇಲಿ ಹೇಳೋದಾದ್ರೆ ಅವನಿಗೆ ಫುಲ್ ರಿಪೋರ್ಟ್ ಬರ್ತಿತ್ತು. ಕರೆದು ಬುದ್ಧಿಮಾತೂ ಹೇಳಿದ. ಆದರೂ 3:13ರಲ್ಲಿ ದೇವರು ಅವನ ಮೇಲೆ ಹೊರಿಸಿದ ದೋಷ ಯಾವುದು? ಗೊತ್ತಿದ್ದೂ ತಡೆಯಲಿಲ್ಲ ಅನ್ನೋದು.

ಮಗನಿಗೆ ತಿಳಿಯದ ಹಾಗೆ ಆಪ್ ಹಾಕಿ, ರಾತ್ರಿ ಕೂತು ಅವನ ಚಾಟ್ ಓದೋ ಅಪ್ಪಂದಿರೇ, ಏಲಿಗಿಂತ ನಿಮಗೆ ಹೆಚ್ಚಿಗೆ ಏನು ಸಿಕ್ಕಿತು? ಸುದ್ದಿ ಸಿಕ್ಕಿತು. ಮಗ ಸಿಕ್ಕಿದನಾ? ಕದ್ದು ಓದಿದ್ದನ್ನ ಅವನ ಹತ್ರ ಮಾತಾಡೋ ಹಾಗೂ ಇಲ್ಲ, ಮಾತಾಡಿದ್ರೆ ಕದ್ದಿದ್ದು ಗೊತ್ತಾಗುತ್ತೆ. ಅವನು ಇನ್ನೊಂದು ಅಕೌಂಟ್ ಮಾಡ್ಕೊಳ್ತಾನೆ. ಅವನಿಗೆ ಅದು ಎರಡು ನಿಮಿಷದ ಕೆಲಸ.

ಈಗ ಲೂಕ. ಯೇಸು ಸ್ವಾಮಿಗೆ ಹನ್ನೆರಡು ವರ್ಷ. ಪಸ್ಕ ಹಬ್ಬ ಮುಗಿಸಿ ಎಲ್ಲರೂ ಯೆರೂಸಲೇಮಿನಿಂದ ಹೊರಟರು. ಹುಡುಗ ಗುಂಪಿನಲ್ಲೇ ಇರ್ತಾನೆ ಅಂದ್ಕೊಂಡು ಯೋಸೇಫ, ಮರಿಯ ಒಂದು ದಿನದ ದಾರಿ ನಡೆದುಬಿಟ್ಟರು! ಪ್ರಿಯರೇ, ನಮ್ಮ ಮನೆಯಲ್ಲೂ ಇದೇ ಅಲ್ವಾ? ಪಕ್ಕದ ರೂಮಲ್ಲೇ ಇದ್ದಾನೆ ಅಂದ್ಕೊಂಡಿದ್ದೀವಿ. ದೇಹ ರೂಮಲ್ಲಿದೆ, ಮಗ ಒಂದು ದಿನದ ದಾರಿ ದೂರ ಇದ್ದಾನೆ.

ಅವರು ಏನು ಮಾಡಿದರು? ನಡೆದ ದಾರಿಯನ್ನೆಲ್ಲಾ ವಾಪಸ್ ನಡೆದರು. ಮೂರು ದಿನದ ಮೇಲೆ ದೇವಾಲಯದಲ್ಲಿ ಸಿಕ್ಕಿದ. ಮರಿಯ ಮರೆಯಲ್ಲಿ ನಿಂತು ನೋಡಲಿಲ್ಲ. ನೇರವಾಗಿ ಅವನನ್ನೇ ಕೇಳಿದಳು, ತಮ್ಮ ಕಳವಳವನ್ನೂ ಹೇಳಿದಳು. ಅವನು ಉತ್ತರ ಕೊಟ್ಟ. ಆ ಉತ್ತರ ಅವರಿಗೆ ಅರ್ಥವೇ ಆಗಲಿಲ್ಲ! ಆದರೂ ತಾಯಿ ಅದನ್ನ ಮನಸ್ಸಿನಲ್ಲಿಟ್ಟುಕೊಂಡಳು. ದೇವರ ಮಗನಾದರೂ ಆತನು ಅವರ ಜೊತೆ ನಜರೇತಿಗೆ ಇಳಿದುಹೋಗಿ ಅಧೀನನಾಗಿದ್ದನು. ಯೌವನಸ್ಥರೇ, ಇಲ್ಲಿ ಆಮೆನ್ ಸ್ವಲ್ಪ ಮೆಲ್ಲಗೆ ಬಂತು.

ಇನ್ನು ಕೆಲವು ವಿಷಯ ನೇರವಾಗಿ ಹೇಳ್ತೀನಿ. ಇನ್‌ಸ್ಟಾಗ್ರಾಮ್ 13 ವರ್ಷದೊಳಗಿನ ಮಕ್ಕಳಿಗಲ್ಲ, ಅದು ಕಂಪನಿಯದ್ದೇ ನಿಯಮ. ನಮ್ಮ ಕೆಲವು ಮನೆಗಳಲ್ಲಿ ಅಪ್ಪನೇ ಕೂತು, ಹುಟ್ಟಿದ ವರ್ಷ ಬದಲಾಯಿಸಿ, ಹತ್ತು ವರ್ಷದ ಮಗಳಿಗೆ ಅಕೌಂಟ್ ಮಾಡಿಕೊಡ್ತಾನೆ. ಆಮೇಲೆ ಮಗಳು ಸುಳ್ಳು ಹೇಳ್ತಾಳೆ ಅಂತ ಪ್ರಾರ್ಥನೆಗೆ ಕರ್ಕೊಂಡು ಬರ್ತಾನೆ! ಒಂದು ವರ್ಷದ ಕೂಸಿಗೆ ಅನ್ನ ತಿನ್ನಿಸೋಕೆ ಫೋನ್ ಕೊಟ್ಟವರು ನಾವು, ಹದಿನೈದಕ್ಕೆ ಅದನ್ನ ಕಿತ್ಕೊಳ್ಳೋರೂ ನಾವೇ. ಎಫೆಸ 6:4 ತಂದೆಗಳಿಗೇ ಬರೆದದ್ದು, ಮಕ್ಕಳನ್ನ ರೇಗಿಸಬೇಡಿ ಅಂತ.

ಚಿಕ್ಕ ಮಕ್ಕಳಿಗೆ ಫ್ಯಾಮಿಲಿ ಲಿಂಕ್‌ನಂಥದ್ದು ಹಾಕಿ, ಹಾಕಿದ್ದೀವಿ ಅಂತ ಹೇಳಿಯೇ ಹಾಕಿ. ರಾತ್ರಿ ಫೋನುಗಳೆಲ್ಲಾ ಹಾಲಿನಲ್ಲಿ ಚಾರ್ಜಿಗೆ ಇರಲಿ, ನಿಮ್ಮದೂ ಅಲ್ಲೇ ಇರಲಿ. ಮಕ್ಕಳು ದೊಡ್ಡವರಾದ ಹಾಗೆ ಹಿಡಿತ ಸಡಿಲ ಮಾಡ್ತಾ ಹೋಗಿ, ಮಾತು ಜಾಸ್ತಿ ಮಾಡಿ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಗೊತ್ತಾ? ಆಟದಲ್ಲಿ ಪರಿಚಯ ಆದ ಯಾರೋ ಒಬ್ಬ ನಿಮ್ಮ ಮಗಳ ಹತ್ರ ಫೋಟೋ ತರಿಸ್ಕೊಂಡು ಹೆದರಿಸ್ತಿದ್ದಾನೆ ಅಂತ ಇಟ್ಕೊಳ್ಳಿ. ರಾತ್ರಿ ಹನ್ನೊಂದು ಗಂಟೆ. ನೀವು ಆಚೆ ರೂಮಲ್ಲಿದ್ದೀರಿ. ಅವಳು ಎದ್ದು ಬಂದು ಬಾಗಿಲು ತಟ್ತಾಳಾ? ಅಥವಾ ಅಪ್ಪ ಹೊಡೀತಾರೆ, ಫೋನ್ ಕಿತ್ಕೊಳ್ತಾರೆ ಅಂತ ಅವನು ಹೇಳಿದ ಹಾಗೇ ಕೇಳ್ತಾಳಾ? ಸೈತಾನನಿಗೆ ಬೇಕಾಗಿರೋದು ಆ ಹೆದರಿಕೆ. ಬಾಗಿಲು ತಟ್ಟಿದರೆ ಮೊದಲು ತಬ್ಬಿಕೊಳ್ಳಿ. ಬೈಗುಳ ಬೇಡ. ಅವನಿಗೆ ಹಣ ಕಳಿಸಬೇಡಿ, ಮೆಸೇಜುಗಳನ್ನ ಅಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಪೊಲೀಸರಿಗೆ ದೂರು ಕೊಡಿ. ಪ್ರಾರ್ಥನೆ ಮಾಡ್ತೀವಿ, ದೂರು ಬೇಡ ಅನ್ನಬೇಡಿ, ಎರಡನ್ನೂ ಮಾಡಿ. ಇಲ್ಲಿ ಕೂತಿರುವ ಮಕ್ಕಳೇ, ಮನೇಲಿ ಹೇಳೋಕಾಗದೆ ಇದ್ರೆ ಆ ನಂಬರ್‌ಗೆ ನೀವೇ ಫೋನ್ ಮಾಡಬಹುದು. ಆರಾಧನೆ ಮುಗಿದ ಮೇಲೆ ನನ್ನ ಹತ್ರ, ಇಲ್ಲಾ ಯೂತ್ ಲೀಡರ್ ಅಕ್ಕನ ಹತ್ರ ಬರಬಹುದು.

ಎಲ್ಲರೂ ಎದ್ದು ನಿಲ್ಲೋಣ. ಯೋಬನು ಬೆಳಿಗ್ಗೆ ಬೇಗ ಎದ್ದು ಒಬ್ಬೊಬ್ಬ ಮಗುವಿಗಾಗಿ ಯಜ್ಞ ಅರ್ಪಿಸ್ತಿದ್ದ. ನೀವೂ ನಿಮ್ಮ ಒಬ್ಬೊಬ್ಬ ಮಗುವಿನ ಹೆಸರು ಹೇಳಿ, ಬಾಯಿ ತೆರೆದು ಹೇಳಿ. ಮಗು ಪಕ್ಕದಲ್ಲೇ ಇದ್ರೆ ತಲೆ ಮೇಲೆ ಕೈಯಿಡಿ.

ತಂದೆಯೇ, ನಿನ್ನ ಸನ್ನಿಧಿಗೆ ಬಂದಿದ್ದೇವೆ. ಈ ರಾತ್ರಿ ಯಾವ ಮಗು ಹೆದರಿಕೆಯಿಂದ ಸುಮ್ಮನೆ ಕೂತಿದೆಯೋ ಅದರ ಬಾಯಿ ತೆರೆ. ಕೇಳುವ ಕಿವಿ ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.