ಅಪ್ಪಾ ಎಂದು ಕರೆದವನು

ಯಾದಗಿರಿಯಿಂದ ಹೊರಟ ಬಸ್ಸು ಭೀಮೆಯ ಸೇತುವೆ ದಾಟಿ ಶಹಾಪುರದ ಹತ್ತಿರ ಬಂದಾಗ, ಎಲ್ಲರೂ ಮಾಡುವಂತೆ ನಮ್ಮ ವಿದ್ಯಾರ್ಥಿಗಳೂ ಕಿಟಕಿಗೆ ಮುಖವಿಟ್ಟು ಮಲಗಿದ ಬುದ್ಧನ ಬೆಟ್ಟವನ್ನು ಹುಡುಕಿದರು. ಹಣೆ ಇದು, ಮೂಗು ಇದು ಎಂದು ಬೆರಳು ತೋರಿಸುತ್ತ ಜಗಳಾಡಿದರು. ಸುರಪುರ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅರಮನೆಯ ಓಣಿಗಳನ್ನು ಸುತ್ತಿ, ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ ಹತ್ತಿ, ಅದರ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ನಾನು ಊಟದ ನಡುವೆಯೇ ಪಾಠ ಶುರು ಮಾಡಿದ್ದೆ: ಈ ಮನೆ ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್, ಕೆಳಗಿನ ಅರಮನೆಯ ಹುಡುಗರಾಜನಿಗೆ ಅವನೇ ಪಾಲಕನಾಗಿದ್ದ, ಹುಡುಗ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ, ಮುಂದೆ ಅದೇ ಹುಡುಗ 1858ರಲ್ಲಿ ಇಂಗ್ಲಿಷರ ಮೇಲೆ ಬಿದ್ದ. ಬಿ.ಎ. ಎರಡನೆಯ ವರ್ಷದ ಒಬ್ಬ ಹುಡುಗಿ ತುತ್ತು ಕೈಯಲ್ಲೇ ಹಿಡಿದು ಕೇಳಿದಳು: “ಸರ್, ಆ ಸಾಹೇಬಗ ರಾಜನ ಮ್ಯಾಲೆ ಖರೇ ಪ್ರೀತಿ ಇತ್ತೇನ್ರಿ?”

ಇತಿಹಾಸದ ಮೇಷ್ಟ್ರಿಗೆ ಇಂಥ ಪ್ರಶ್ನೆಗಳನ್ನು ತಪ್ಪಿಸಿಕೊಳ್ಳುವ ವಿದ್ಯೆ ಗೊತ್ತಿರುತ್ತದೆ. “ಅದು ಪರೀಕ್ಷೆಗೆ ಬರೂದಿಲ್ಲವ್ವಾ” ಎಂದೆ. ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆ ನನ್ನ ಜೊತೆ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟಿತು.

ಟೇಲರ್ ಯಾರು ಎಂಬುದನ್ನು ಮೊದಲು ಹೇಳಬೇಕು. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದರ ಪ್ರಾಯದಲ್ಲಿ ಒಬ್ಬನೇ ಹಡಗು ಹತ್ತಿ ಮುಂಬಯಿಗೆ ಬಂದ. ಅಲ್ಲಿಯ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಮುಂದೆ ಪಾಲುದಾರನಾಗುತ್ತಾನೆ ಎಂಬ ಮಾತಾಗಿತ್ತು. ಬಂದು ನೋಡಿದರೆ ಆ ವ್ಯಾಪಾರವೇ ದಿವಾಳಿಯ ಅಂಚಿನಲ್ಲಿತ್ತು. ಹೀಗಾಗಿ ನಿಜಾಮನ ಸೈನ್ಯ ಸೇರಿದ. ಕಂಪನಿಯ ಖಾಸಾ ನೌಕರನಲ್ಲ, ನಿಜಾಮನ ಸಂಬಳದವನು. ಈ ವ್ಯತ್ಯಾಸ ಅವನನ್ನು ಜೀವನವಿಡೀ ಕುಟುಕಿದೆ. ಕಂಪನಿಯ ದೊರೆಗಳ ಪಂಕ್ತಿಯಲ್ಲಿ ಅವನಿಗೆ ಎಂದೂ ಪೂರ್ತಿ ಎಲೆ ಹಾಕಲಿಲ್ಲ. ಅವನು ಭಾಷೆಗಳನ್ನು ಕಲಿತ, ಚಿತ್ರ ಬರೆದ, 1839ರಲ್ಲಿ ಠಕ್ಕನೊಬ್ಬನ ಕಥೆ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ. ಶಹಾಪುರದ ಪಕ್ಕದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಕಲ್ಲುಗಳನ್ನು, ರಾಜನ ಕೋಳೂರಿನ ಕಲ್ಮನೆಗಳನ್ನು ಮೊದಲು ಗಮನವಿಟ್ಟು ಅಳೆದು ಬರೆದವನೂ ಅವನೇ. ನಮ್ಮವರು ಅವುಗಳ ಪಕ್ಕದಲ್ಲೇ ಉಳುತ್ತಿದ್ದರು, ಕೇಳಿದರೆ ಪಾಂಡವರದ್ದು ಎನ್ನುತ್ತಿದ್ದರು.

1841ರಲ್ಲಿ ಅವನು ಸುರಪುರಕ್ಕೆ ಬಂದಾಗ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ನಾಯಕನಿಗೆ ಆಗ ಏಳರ ಆಸುಪಾಸು. ತಾಯಿ ರಾಣಿ ಈಶ್ವರಮ್ಮ ಗಟ್ಟಿ ಹೆಂಗಸು. ನಿಜಾಮನಿಗೆ ಕೊಡಬೇಕಾದ ಬಾಕಿ ಬೆಟ್ಟದಷ್ಟಿತ್ತು, ಬೇಡರ ಪಡೆ ಯಾರ ಮಾತು ಕೇಳಬೇಕೆಂದು ಕಾಯುತ್ತಿತ್ತು. ಈ ಬೇಡರು ಸಾಮಾನ್ಯರಲ್ಲ. ಔರಂಗಜೇಬನ ಕಡೆಯ ದಂಡಯಾತ್ರೆಯೇ 1705ರಲ್ಲಿ ಇವರ ವಾಗಣಗೇರಿ ಕೋಟೆಯ ಮೇಲೆ ನಡೆದದ್ದು. ಮುದಿ ಬಾದಶಹ ಕೋಟೆ ಗೆದ್ದ, ಕೋಟೆಯೊಳಗಿನ ನಾಯಕ ಮಾತ್ರ ಕೈಗೆ ಸಿಗಲಿಲ್ಲ. ಅಂಥ ಮನೆತನದ ಹುಡುಗನಿಗೆ ಲಿವರ್‌ಪೂಲಿನ ಒಬ್ಬ ಕ್ಯಾಪ್ಟನ್ ಪಾಲಕನಾದ.

ಹನ್ನೆರಡು ವರ್ಷ ಟೇಲರ್ ಸಂಸ್ಥಾನ ನಡೆಸಿದ. ಲೆಕ್ಕಪತ್ರ ಸರಿಮಾಡಿದ, ಸಾಲ ಇಳಿಸಿದ, ರಸ್ತೆ ಮಾಡಿಸಿದ. ಈಗ ಹಕ್ಕಿಗಳಿಗೆ ಹೆಸರಾದ ಬೋನಾಳ ಕೆರೆಯ ಏರಿಯನ್ನು ಬಲಪಡಿಸಿದವರ ಸಾಲಿನಲ್ಲಿ ಅವನ ಹೆಸರೂ ಇದೆ. 1853ರಲ್ಲಿ, ಪ್ರಾಯಕ್ಕೆ ಬಂದ ರಾಜನ ಕೈಗೆ ಎಲ್ಲವನ್ನೂ ಒಪ್ಪಿಸಿ ನಳದುರ್ಗದ ಕಡೆ ಬೇರೆ ಕೆಲಸಕ್ಕೆ ಹೋದ.

‘ಅಪ್ಪಾ’ ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಟೇಲರ್ ತನ್ನ ಆತ್ಮಕಥೆಯಲ್ಲಿ ಇದನ್ನು ಅಭಿಮಾನದಿಂದ ದಾಖಲಿಸಿದ್ದಾನೆ. ಇಂಗ್ಲಿಷಿನಲ್ಲಿ ಓದಿದವರಿಗೆ ಅದು ‘ತಂದೆ’ ಅಷ್ಟೇ. ಆದರೆ ನಮ್ಮ ಸೀಮೆಯಲ್ಲಿ ಆ ಶಬ್ದ ಎಲ್ಲೆಲ್ಲಿ ಓಡಾಡುತ್ತದೆ ನೋಡಿ. ಮಠದ ಸ್ವಾಮಿಗಳು ಅಪ್ಪಾವರು. ತೊಡೆಯ ಮೇಲಿನ ಕೂಸೂ “ಬಾರಪ್ಪಾ.” ಸಾಲ ಕೊಟ್ಟ ಸಾವುಕಾರನ ಎದುರು ಕೈಮುಗಿದವನೂ “ಎಪ್ಪಾ, ಇನ್ನೆರಡು ತಿಂಗಳ ತಡೀರಿ.” ಪ್ರೀತಿಗೂ ಭಕ್ತಿಗೂ ಹೆದರಿಕೆಗೂ ನಾವು ಒಂದೇ ಮಾತು ಬಳಸುತ್ತೇವೆ. ತಂದೆಯಿಲ್ಲದ ಏಳು ವರ್ಷದ ಹುಡುಗ ಯಾವ ಅರ್ಥದಲ್ಲಿ ಹಾಗೆ ಕರೆದನೋ ಅವನಿಗೇ ಗೊತ್ತಿರಲಿಕ್ಕಿಲ್ಲ. ಕೇಳಿಸಿಕೊಂಡವನು ಮಾತ್ರ ತನಗೆ ಬೇಕಾದ ಅರ್ಥವನ್ನು ಇಟ್ಟುಕೊಂಡ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಹದಿನೈದಕ್ಕೆ ಮನೆ ಬಿಟ್ಟವನಿಗೆ, 1844ರಲ್ಲಿ ಹೆಂಡತಿಯನ್ನೂ ಕಳೆದುಕೊಂಡವನಿಗೆ, ಆ ಕರೆ ಎಷ್ಟು ಬೇಕಾಗಿತ್ತು ಎಂಬುದು ತಿಳಿಯುತ್ತದೆ.

ತೊಡಕು ಇರುವುದು ಬೇರೆ ಕಡೆ. ಟೇಲರ್ ಹುಡುಗನಿಗೆ ಮನೆ ನಡೆಸುವುದನ್ನು ಕಲಿಸಿದ. ಆ ಮನೆಯ ಬೀಗದ ಕೈ ಹೈದರಾಬಾದಿನ ರೆಸಿಡೆಂಟನ ಸೊಂಟದಲ್ಲಿತ್ತು. ನೀನು ರಾಜ ಎಂದು ಹೇಳುತ್ತಲೇ, ರಾಜ ಮಾಡುವ ಯಾವುದನ್ನೂ ಕೇಳದೆ ಮಾಡಬೇಡ ಎಂದೂ ಹೇಳಬೇಕಾಗಿತ್ತು. ಅಧಿಕಾರ ಕೈಗೆ ಬಂದ ಮೇಲೆ ರಾಜ ದುಂದು ಮಾಡಿದ, ಮತ್ತೆ ಸಾಲಕ್ಕೆ ಬಿದ್ದ, ಕೆಟ್ಟ ಸಲಹೆಗಾರರ ಕೈಗೆ ಸಿಕ್ಕ ಎಂದು ಟೇಲರ್ ನೊಂದು ಬರೆಯುತ್ತಾನೆ. ಇರಬಹುದು. ಹತ್ತೊಂಬತ್ತರ ಹುಡುಗನ ಕೈಗೆ ಸಂಸ್ಥಾನ ಬಂದರೆ ಇನ್ನೇನಾಗುತ್ತದೆ? ಆದರೆ ಖರ್ಚು ಮಾಡುವುದೊಂದೇ ಸ್ವಾತಂತ್ರ್ಯವಾಗಿ ಉಳಿದವನು ಅದನ್ನೇ ಮಾಡಿಯಾನು ಎಂಬುದನ್ನು ಆ ‘ಅಪ್ಪ’ ಯೋಚಿಸಿದಂತಿಲ್ಲ.

ಇಲ್ಲಿ ನನಗೆ ಇನ್ನೊಬ್ಬ ರಾಜಕುಮಾರ ನೆನಪಾಗುತ್ತಾನೆ. ಪ್ರಶ್ಯದ ರಾಜಮನೆತನದ ವಾಲ್ಡೆಮಾರ್, ಜರ್ಮನ್. 1845ರಲ್ಲಿ, ಅಂದರೆ ನಮ್ಮ ಹುಡುಗ ಟೇಲರನ ಕೈಕೆಳಗೆ ಬೆಳೆಯುತ್ತಿದ್ದ ದಿನಗಳಲ್ಲಿ, ಆತ ಭಾರತ ನೋಡಲು ಬಂದಿದ್ದ. ಪಂಜಾಬಿನಲ್ಲಿ ಸಿಖ್ಖರಿಗೂ ಇಂಗ್ಲಿಷರಿಗೂ ಯುದ್ಧ ಶುರುವಾಯಿತು. ಅತಿಥಿ ಇಂಗ್ಲಿಷರ ಕಡೆ ಕುದುರೆ ಏರಿ ಮುದ್ಕಿಯಲ್ಲೂ ಫಿರೋಜಶಹರದಲ್ಲೂ ಮುಂದಿನ ಸಾಲಿನಲ್ಲಿದ್ದ. ಫಿರೋಜಶಹರದಲ್ಲಿ ಅವನ ವೈದ್ಯ ಹಾಫ್‌ಮೈಸ್ಟರ್ ಗುಂಡು ತಗಲಿ ಸತ್ತ. ಪರದೇಶದ ರಾಜಪುತ್ರನ ಜೀವಕ್ಕೆ ಅಪಾಯವಾದೀತೆಂದು ಗವರ್ನರ್ ಜನರಲ್ ಅವನನ್ನು ರಣರಂಗದಿಂದ ಹೊರಗೆ ಕಳಿಸಿದ. ಆತ ಊರಿಗೆ ಮರಳಿ ಮೇಜರ್ ಜನರಲ್ ಆಗಿ, 1849ರಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲೇ ಕಾಯಿಲೆಯಿಂದ ತೀರಿಕೊಂಡ. ತನ್ನದಲ್ಲದ ಯುದ್ಧದಲ್ಲಿ, ತನ್ನದಲ್ಲದ ನೆಲದಲ್ಲಿ ಹೋರಾಡಿದವನಿಗೆ ಶೌರ್ಯದ ಹೆಸರು ಬಂತು. ಅವನನ್ನು ಯಾರೂ ‘ನಿನ್ನನ್ನು ಎತ್ತಿಕಟ್ಟಿದವರು ಯಾರು’ ಎಂದು ಕೇಳಲಿಲ್ಲ. ಸ್ವಂತ ಗುಡ್ಡದ ಮೇಲೆ ನಿಂತು ಕತ್ತಿ ಹಿರಿದ ವೆಂಕಟಪ್ಪನಿಗೆ ಮಾತ್ರ ಆ ಪ್ರಶ್ನೆ ಬಂತು. ಅವನೇ ನಿರ್ಧರಿಸಿರಬಹುದು ಎಂಬುದು ಯಾರಿಗೂ ಹೊಳೆಯಲಿಲ್ಲ, ಟೇಲರನಿಗೂ.

1858ರ ಫೆಬ್ರವರಿ. ಹಲಗಲಿಯ ಬೇಡರ ಊರನ್ನು ಇಂಗ್ಲಿಷರು ಸುಟ್ಟು ಮೂರು ತಿಂಗಳೂ ಆಗಿರಲಿಲ್ಲ. ಸುರಪುರದಲ್ಲಿ ಏನು ನಡೆದಿದೆ ನೋಡಲು ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್ ಬಂದ, ಲಿಂಗಸುಗೂರಿನ ಕಡೆಯಿಂದ ಪಡೆ ಬಂತು. ರಾತ್ರಿ ಬೇಡರು ಆ ಪಡೆಯ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆಮೇಲೆ ರಾಜ ಕೆಲವೇ ಸವಾರರೊಂದಿಗೆ ಹೈದರಾಬಾದಿಗೆ ಓಡಿದ, ಅಲ್ಲಿ ಸಿಕ್ಕಿಬಿದ್ದ. ನಮ್ಮಲ್ಲಿ ಈ ಕಥೆ ಹೇಳುವವರು ಈ ಕಡೆಯ ಭಾಗವನ್ನು ಬೇಗ ದಾಟಿಸಿಬಿಡುತ್ತಾರೆ. ನನಗೆ ಹಾಗೆ ದಾಟಲು ಮನಸ್ಸಾಗುವುದಿಲ್ಲ. ಅವನ ಮಾತಿಗೆ ಪ್ರಾಣ ಕೊಟ್ಟ ಬೇಡರು ಹಿಂದೆ ಉಳಿದಿದ್ದರು. ವೀರನೆಂದು ಮೂರ್ತಿ ನಿಲ್ಲಿಸುವವರು ಆ ರಾತ್ರಿಯ ಕುದುರೆಗಳ ಸಪ್ಪಳವನ್ನೂ ಕೇಳಿಸಿಕೊಳ್ಳಬೇಕು.

ಆದರೆ ಸಿಕಂದರಾಬಾದಿನ ಸೆರೆಯಲ್ಲಿ ಅವನು ಬೇರೆ ಆಳಾಗಿ ಕಾಣುತ್ತಾನೆ. ರೆಸಿಡೆಂಟನ ಒಪ್ಪಿಗೆಯಿಂದ ಟೇಲರ್ ಅವನನ್ನು ನೋಡಲು ಹೋದ. ಹುಡುಗ ಮತ್ತೆ ‘ಅಪ್ಪಾ’ ಎಂದ. ತನ್ನನ್ನು ಕಳ್ಳನಂತೆ ನೇಣಿಗೆ ಹಾಕಬೇಡಿರೆಂದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಿರೆಂದು, ತಾನು ಅಲುಗದೆ ನಿಲ್ಲುವೆನೆಂದು ಕೇಳಿಕೊಂಡ. ತಪ್ಪು ಮಾಡಿದೆ ಎಂದೂ ಒಪ್ಪಿಕೊಂಡ. ಆದರೆ ನಿನ್ನ ಹಿಂದೆ ಇದ್ದವರು ಯಾರು, ಹೆಸರು ಹೇಳು, ಹೇಳಿದರೆ ದಯೆ ಸಿಗಬಹುದು ಎಂಬ ಮಾತು ಬಂದಾಗ ಬಾಯಿ ಮುಚ್ಚಿದ. ಜೀವ ಉಳಿಸಿಕೊಳ್ಳಲು ಹೇಡಿಯಂತೆ ಇನ್ನೊಬ್ಬರ ಹೆಸರು ಹೇಳಲಾರೆ ಎಂಬುದು ಅವನ ಉತ್ತರದ ಸಾರ. ಇದೆಲ್ಲ ನಮಗೆ ಗೊತ್ತಿರುವುದು ಟೇಲರನ ಬರಹದಿಂದಲೇ ಎಂಬುದನ್ನು ಮರೆಯಬಾರದು. ಮಗ ಬರೆದದ್ದು ನಮಗೆ ಉಳಿದಿಲ್ಲ, ಅಪ್ಪ ಬರೆದದ್ದು ಉಳಿದಿದೆ. ಆದರೂ ತನಗೆ ಎದುರಾದ ಆ ನಿರಾಕರಣೆಯನ್ನು ಅಡಗಿಸದೆ ಬರೆದಿದ್ದಾನಲ್ಲ, ಅದಕ್ಕಾಗಿ ಅವನ ಮೇಲೆ ನನಗೆ ಗೌರವವಿದೆ.

ಆ ಭೇಟಿಯ ಬಗ್ಗೆ ಯೋಚಿಸಿದಾಗಲೆಲ್ಲ ನನ್ನದೇ ಒಂದು ಸಣ್ಣ ಪಾಪ ಎದ್ದು ಬರುತ್ತದೆ. ಎಷ್ಟೋ ವರ್ಷಗಳ ಹಿಂದೆ ನಾನು ಒಂದು ಹಾಸ್ಟೆಲಿನ ವಾರ್ಡನ್ ಆಗಿದ್ದೆ. ಊಟ ಸರಿಯಿಲ್ಲವೆಂದು ಹುಡುಗರು ಒಂದು ರಾತ್ರಿ ತಟ್ಟೆ ಬಡಿದು ಗಲಾಟೆ ಮಾಡಿ ಅಡುಗೆಮನೆಯ ಬಾಗಿಲು ಮುರಿದರು. ಊಟ ನಿಜವಾಗಿಯೂ ಸರಿಯಿರಲಿಲ್ಲ. ಮುಂದಾಳುಗಳ ಹೆಸರು ಬೇಕು ಎಂದು ಮೇಲಿನವರು ನನಗೆ ಹೇಳಿದರು, “ನಿಮ್ಮ ಮಾತು ಅವರು ಕೇಳ್ತಾರ, ನೀವೇ ಕೇಳ್ರಿ.” ನನ್ನ ಮನೆಗೆ ಬಂದು ಹೋಗುತ್ತಿದ್ದ ಇಬ್ಬರು ಹುಡುಗರಿದ್ದರು. ಮೊದಲನೆಯವನು, “ನಿಮ್ಮ ಮುಂದ ಸುಳ್ಳು ಹೇಳಂಗಿಲ್ರೀ ಸರ್, ಹೆಸರೂ ಹೇಳಂಗಿಲ್ಲ,” ಎಂದು ಎದ್ದು ಹೋದ. ಎರಡನೆಯವನಿಗೆ ನನ್ನ ಹೆಂಡತಿ ಚಹಾ ಕೊಟ್ಟಳು, ನಾನು ಹೆಗಲ ಮೇಲೆ ಕೈಯಿಟ್ಟೆ. ಅವನು ಮೂರು ಹೆಸರು ಹೇಳಿದ. ಮೂವರನ್ನೂ ಹಾಸ್ಟೆಲಿನಿಂದ ತೆಗೆದರು. ಒಬ್ಬ ಓದು ಬಿಟ್ಟು ಬೆಂಗಳೂರಿಗೆ ಕೂಲಿಗೆ ಹೋದ. ಹೆಸರು ಹೇಳಿದವನು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಎದ್ದು ಹೋದವನು ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾನೆ.

ನಾನು ಆ ಹುಡುಗನ ಹೆಗಲ ಮೇಲೆ ಕೈಯಿಟ್ಟಾಗ ಅದು ನಾಟಕವಾಗಿರಲಿಲ್ಲ. ನನಗೆ ಅವನೆಂದರೆ ಇಷ್ಟವಿತ್ತು. ಆ ಇಷ್ಟವೇ ಆ ದಿನ ಕೆಲಸಕ್ಕೆ ಬಂದದ್ದು. ಪ್ರೀತಿ ಸುಳ್ಳಾಗಿದ್ದರೆ ಹುಡುಗ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಟೇಲರನ ಪ್ರೀತಿ ಬರೀ ಸೋಗು, ಸಾಮ್ರಾಜ್ಯದ ಕುತಂತ್ರ ಎನ್ನುವವರ ಮಾತು ನನಗೆ ತೀರ ಸುಲಭದ್ದೆನಿಸುತ್ತದೆ. ಸೋಗಾಗಿದ್ದರೆ ನಮಗೆಲ್ಲ ಎಷ್ಟು ನೆಮ್ಮದಿ! ನಿಜವಾದ ಪ್ರೀತಿಯನ್ನೂ ಯಾರೋ ತಮ್ಮ ಕೆಲಸಕ್ಕೆ ಎರವಲು ಪಡೆಯಬಹುದು, ಕೊಟ್ಟವನಿಗೆ ಅದು ಗೊತ್ತೂ ಆಗದೆ ಹೋಗಬಹುದು, ಕಷ್ಟವಿರುವುದು ಇಲ್ಲಿ. ಅವನು ಆ ದಿನ ತಂದೆಯಾಗಿ ಹೋದನೋ ಸರಕಾರದವನಾಗಿ ಹೋದನೋ? ಎರಡೂ ಆಗಿ ಹೋದ. ಒಂದೇ ಬಾಯಿ ಎರಡೂ ಮಾತು ಆಡಿತು.

ಋಣದ ಮಾತು ಬರುತ್ತದೆ. ಸಾಕಿದವನಿಗೆ ಎರಡು ಬಗೆದ ಎಂದು ಆ ಕಾಲದ ಇಂಗ್ಲಿಷರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ನಮ್ಮಲ್ಲೂ ಉಪ್ಪಿನ ಋಣ ದೊಡ್ಡದು. ಆದರೆ ಆ ಹುಡುಗ ತಿಂದ ಉಪ್ಪು ಯಾರದು? ಟೇಲರನ ಸಂಬಳವೂ ಸೇರಿದಂತೆ ಎಲ್ಲವೂ ಬಂದದ್ದು ಈ ಕರಿಮಣ್ಣಿನ ಜೋಳದಿಂದ. ಅಕ್ಕರೆಗೆ ಮಾತ್ರ ಬೆಲೆ ಕಟ್ಟಲಾಗದು. ಅದರ ಋಣವನ್ನು ಹುಡುಗ ತನಗೆ ತಿಳಿದಂತೆ ತೀರಿಸಿದ. ಆ ಅಪ್ಪನೆದುರು ಅತ್ತ, ತಪ್ಪೊಪ್ಪಿದ, ತನ್ನ ಸಾವು ಹೇಗಿರಬೇಕೆಂದು ಕೇಳಿಕೊಂಡ. ತನ್ನದೆಲ್ಲವನ್ನೂ ಕೊಟ್ಟ. ಇನ್ನೊಬ್ಬರ ಪ್ರಾಣ ತನ್ನದಲ್ಲವಾದ್ದರಿಂದ ಅದನ್ನು ಕೊಡಲಿಲ್ಲ. ಇಪ್ಪತ್ನಾಲ್ಕರ ಅವನಿಗೆ ತಿಳಿದ ಈ ಗೆರೆ, ಐವತ್ತರ ಟೇಲರನಿಗೆ ಕಾಣಲಿಲ್ಲ. ನನಗೂ ಕಂಡಿರಲಿಲ್ಲ.

ಮುಂದಿನದು ಗೊತ್ತಿರುವ ಕಥೆ. ಮರಣದಂಡನೆ ಜೀವಾವಧಿ ಗಡಿಪಾರಿಗೆ ಇಳಿಯಿತು, ಅದು ಮತ್ತೆ ಮದರಾಸಿನ ಕಡೆಯ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಒಳ್ಳೆಯ ನಡತೆ ತೋರಿದರೆ ಸಂಸ್ಥಾನ ಮರಳಿ ಸಿಗಬಹುದೆಂಬ ಆಸೆಯೂ ಇತ್ತು. ಸೆರೆಗಿಂತ ಸಾವು ಲೇಸು, ಬಡ ಬೇಡನೂ ಬಂದೀಖಾನೆಯಲ್ಲಿ ಬದುಕಲಾರ ಎಂದು ಅವನು ಮೊದಲೇ ಹೇಳಿದ್ದ. ಕರೆದೊಯ್ಯುವ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಸತ್ತ. ತಾನೇ ಹಾರಿಸಿಕೊಂಡ ಎಂದು ಇಂಗ್ಲಿಷರ ಬರಹ. ಕೊಂದರು ಎಂದು ಸುರಪುರದ ಎಷ್ಟೋ ಮನೆಗಳ ನಂಬಿಕೆ. ಇಪ್ಪತ್ನಾಲ್ಕನೆಯ ವರ್ಷ ದಾಟಲಾರನೆಂದು ಜಾತಕದಲ್ಲಿತ್ತಂತೆ, ಅದನ್ನು ಟೇಲರನಿಗೂ ತೋರಿಸಿದ್ದರಂತೆ. ಸಂಸ್ಥಾನವನ್ನು 1860ರಲ್ಲಿ ನಿಜಾಮನಿಗೆ ಬಹುಮಾನವಾಗಿ ಕೊಟ್ಟರು. ಟೇಲರ್ ಅದೇ ವರ್ಷ ಈ ದೇಶ ಬಿಟ್ಟ. 1876ರಲ್ಲಿ ಫ್ರಾನ್ಸಿನ ಮಾಂತೋನ್‌ನಲ್ಲಿ ತೀರಿಕೊಂಡ.

ಈ ವರ್ಷ ಮತ್ತೊಂದು ತಂಡ ಕರೆದುಕೊಂಡು ಹೋಗಿದ್ದೆ. ಎಂ.ಎ. ಸೇರಿದ್ದ ಆ ಹುಡುಗಿಯೂ ಬಂದಿದ್ದಳು. ಮಂಜಿಲಿನ ಮೆಟ್ಟಿಲ ಮೇಲೆ ಕೂತಾಗ ನಾನಾಗಿಯೇ ಹೇಳಿದೆ, “ಅವತ್ತ ನೀ ಕೇಳಿದ್ದೆಲ್ಲಾ, ಪ್ರೀತಿ ಇತ್ತವ್ವಾ. ಖರೇನ ಇತ್ತು.”

ಅವಳು ಸ್ವಲ್ಪ ಹೊತ್ತು ಕೆಳಗಿನ ಅರಮನೆಯನ್ನೇ ನೋಡಿದಳು. “ಮತ್ತ ಹೆಸರ ಯಾಕ ಕೇಳಿದ್ರಿ ಸರ್ ಅವರು?” ಎಂದಳು.

ಕೆಳಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಕತ್ತಲಾಗುವ ಮೊದಲು ಯಾದಗಿರಿ ಸೇರಬೇಕಿತ್ತು. ನಾವು ಎದ್ದು ಬಟ್ಟೆ ಝಾಡಿಸಿಕೊಂಡು ಇಳಿಯತೊಡಗಿದೆವು.